ಗಡಿಯಾರ ಎಷ್ಟು ತಪ್ಪಿದೆ? ಮೊದಲು ಅಳೆಯಿರಿ

"ನೆಟ್ ಬರಾಬರ್ ಅದ ಸರ, ಆದ್ರ ಒಂದೂ ಸೈಟ್ ಓಪನ್ ಆಗವಲ್ದು."

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಕಡೆ ಆನ್‌ಲೈನ್ ಅಂಗಡಿ, ಝೆರಾಕ್ಸ್ ಅಂಗಡಿ ನಡೆಸುವವರಿಗೆ ಈ ದೂರು ಹೊಸದಲ್ಲ. ಬೆಳಗ್ಗೆ ಶಟರ್ ಎತ್ತಿ ಕಂಪ್ಯೂಟರ್ ಚಾಲೂ ಮಾಡಿದರೆ ಕಪ್ಪು ಪರದೆಯ ಮೇಲೆ 'ಪ್ರೆಸ್ ಎಫ್1' ಎಂದು ಬರುತ್ತದೆ. ಒತ್ತಿದರೆ ವಿಂಡೋಸ್ ಎಂದಿನಂತೆ ತೆರೆಯುತ್ತದೆ, ಆದರೆ ಸೇವಾ ಸಿಂಧು ತೆರೆಯುವುದಿಲ್ಲ, ಜಿಮೇಲ್ ತೆರೆಯುವುದಿಲ್ಲ. ಮೋಡೆಮ್ ಆಫ್ ಮಾಡಿ ಆನ್ ಮಾಡಿದ್ದಾಯಿತು, ಕೇಬಲ್‌ನವನಿಗೆ ಫೋನ್ ಮಾಡಿ ಜೋರು ಮಾಡಿದ್ದೂ ಆಯಿತು. ಪರದೆಯ ಬಲಗಡೆ ಕೆಳಮೂಲೆಯಲ್ಲಿ 01-01-2015 ಎಂಬ ತಾರೀಖು ಕೂತಿದೆ. ಅದರ ಕಡೆ ಮಾತ್ರ ಯಾರೂ ನೋಡಿಲ್ಲ.

ನಂಬಲರ್ಹವಾದ ಪ್ರತಿಯೊಂದು ವೆಬ್‌ಸೈಟಿಗೂ ಒಂದು ಡಿಜಿಟಲ್ ಪ್ರಮಾಣಪತ್ರ ಇರುತ್ತದೆ. ಅದು ಇಂಥ ದಿನದಿಂದ ಇಂಥ ದಿನದವರೆಗೆ ಊರ್ಜಿತ ಎಂದು ಅದರಲ್ಲೇ ಬರೆದಿರುತ್ತದೆ. ಬ್ರೌಸರ್ ಆ ತಾರೀಖುಗಳನ್ನು ನಿಮ್ಮ ಕಂಪ್ಯೂಟರಿನ ತಾರೀಖಿನ ಜತೆ ತಾಳೆ ನೋಡುತ್ತದೆ. ನಿಮ್ಮದು 2015 ಎಂದಿದ್ದರೆ ಪ್ರಮಾಣಪತ್ರ ಇನ್ನೂ ಹುಟ್ಟಿಯೇ ಇಲ್ಲ ಎಂದು ತಿಳಿದು ಬಾಗಿಲು ಹಾಕುತ್ತದೆ. ಬೆರಳಚ್ಚಿನ ಆಧಾರ್ ದೃಢೀಕರಣಕ್ಕೂ ಇದೇ ತೊಡಕು. ಎರರ್ 561 ಬಂದರೆ ನೀವು ಕಳಿಸಿದ ಕೋರಿಕೆಯ ಹೊತ್ತು ತೀರ ಹಳೆಯದು ಎಂದರ್ಥ, 562 ಬಂದರೆ ಮುಂದಿನ ಹೊತ್ತು ನಮೂದಾಗಿದೆ ಎಂದರ್ಥ. ಎರಡರಲ್ಲೂ ಬೆರಳಿನ ತಪ್ಪಿಲ್ಲ. ಅಜ್ಜಿಯ ಹೆಬ್ಬೆರಳನ್ನು ಹತ್ತು ಸಲ ಒರೆಸಿ ಒತ್ತಿಸುವ ಮೊದಲು ಗಡಿಯಾರ ನೋಡಿ.

ಒಂದು ಯಂತ್ರ, ಎರಡು ಗಡಿಯಾರ

ಕಂಪ್ಯೂಟರಿನೊಳಗೆ ಎರಡು ಗಡಿಯಾರ ಓಡುತ್ತವೆ. ಮೊದಲನೆಯದು ಮದರ್‌ಬೋರ್ಡ್ ಮೇಲಿರುವ ಹಾರ್ಡ್‌ವೇರ್ ಗಡಿಯಾರ. ಸೆಕೆಂಡಿಗೆ 32,768 ಸಲ ಕಂಪಿಸುವ ಸಣ್ಣ ಸ್ಫಟಿಕದ ಹರಳು ಅದನ್ನು ನಡೆಸುತ್ತದೆ. ಕಂಪ್ಯೂಟರ್ ಆಫ್ ಆಗಿ ಕರೆಂಟೂ ಇಲ್ಲದಿದ್ದಾಗ ಅದಕ್ಕೆ ಆಧಾರ ಒಂದು ಗುಂಡಿ ಸೆಲ್. ಎರಡನೆಯದು ವಿಂಡೋಸ್ ಅಥವಾ ಲಿನಕ್ಸ್ ನಡೆಸುವ ಗಡಿಯಾರ. ಚಾಲೂ ಆಗುವಾಗ ಅದು ಹಾರ್ಡ್‌ವೇರ್ ಗಡಿಯಾರವನ್ನು ನೋಡಿ ಹೊತ್ತು ತಿಳಿದುಕೊಳ್ಳುತ್ತದೆ, ಆಮೇಲೆ ತನ್ನಷ್ಟಕ್ಕೆ ಎಣಿಸುತ್ತದೆ, ಇಂಟರ್ನೆಟ್ ಸಿಕ್ಕಾಗ ತಿದ್ದಿಕೊಳ್ಳುತ್ತದೆ.

ಇವೆರಡರ ನಡುವೆ ಸಮಯ ವಲಯದ ಲೆಕ್ಕ ಇರುತ್ತದೆ. ಜಗತ್ತಿಗೆಲ್ಲ ಒಂದೇ ಆದ ಯುಟಿಸಿ ಎಂಬ ಸಮಯಕ್ಕೆ ಐದೂವರೆ ಗಂಟೆ ಕೂಡಿಸಿದರೆ ನಮ್ಮ ಭಾರತೀಯ ಸಮಯ. ಇದು ಜಾರಿಗೆ ಬಂದದ್ದು 1906ರ ಜನವರಿ 1ರಂದು. ಅದಕ್ಕೂ ಮೊದಲು ರೈಲಿನವರದು ಮದ್ರಾಸ್ ಸಮಯ, ಮುಂಬೈ ನಗರದ್ದು ಬೇರೆಯೇ ಸಮಯ. ಆ ಎರಡರ ನಡುವೆ ಅರ್ಧ ಗಂಟೆಯಷ್ಟು ಅಂತರ. ಮುಂಬೈ ಕಡೆಯ ಹಳಿಯೂ ನಿಜಾಮರ ಹೈದರಾಬಾದ್ ಕಡೆಯ ಹಳಿಯೂ ಕೂಡುವ ವಾಡಿ ಜಂಕ್ಷನ್ ಆ ಕಾಲದ ನಿಲ್ದಾಣ. ಈಗಿನ ಸಮಯವನ್ನು ಎಣಿಸುವುದು 82.5 ಡಿಗ್ರಿ ಪೂರ್ವ ರೇಖಾಂಶದಿಂದ. ವಾಡಿ ಇರುವುದು ಹೆಚ್ಚುಕಡಿಮೆ 77 ಡಿಗ್ರಿಯಲ್ಲಿ. ಡಿಗ್ರಿಗೆ ನಾಲ್ಕು ನಿಮಿಷದಂತೆ ನಮ್ಮ ಸೂರ್ಯ ಗಡಿಯಾರಕ್ಕಿಂತ ಸುಮಾರು 22 ನಿಮಿಷ ಹಿಂದೆ. ಅದನ್ನು ಸೂರ್ಯನಿಗೇ ಬಿಟ್ಟು ಕಂಪ್ಯೂಟರಿನ ಕಡೆ ಬರೋಣ.

ರೋಗ ಹಿಡಿಯುವುದು ಹೀಗೆ

ಹೆಚ್ಚಿನವರು ಗಡಿಯಾರ ತಪ್ಪಿದ್ದು ಕಂಡ ಕೂಡಲೇ ತಿದ್ದಿಬಿಡುತ್ತಾರೆ. ನನ್ನ ಸಲಹೆ ಬೇರೆ: ತಿದ್ದುವ ಮೊದಲು ಎಷ್ಟು ತಪ್ಪಿದೆ ಎಂದು ಬರೆದಿಟ್ಟುಕೊಳ್ಳಿ. ಮೊಬೈಲನ್ನು ಪರದೆಯ ಪಕ್ಕ ಹಿಡಿದು ವ್ಯತ್ಯಾಸ ಲೆಕ್ಕ ಹಾಕಿ. ಮೊಬೈಲಿನಲ್ಲಿ ಸಮಯ 'ಆಟೊಮ್ಯಾಟಿಕ್' ಇರಲಿ. ಕಾರಣ ಯಾವುದು ಎಂಬುದು ಮುಕ್ಕಾಲು ಪಾಲು ಆ ವ್ಯತ್ಯಾಸದಲ್ಲೇ ಗೊತ್ತಾಗುತ್ತದೆ.

ವರ್ಷಗಳೇ ತಪ್ಪಿದ್ದರೆ, ತಾರೀಖು ಯಾವುದೋ ಹಳೆಯ ಜನವರಿ 1ಕ್ಕೆ ಹೋಗಿ ನಿಂತಿದ್ದರೆ ಸೆಲ್ ಮುಗಿದಿದೆ. ಹಗಲು ಸರಿಯಿದ್ದು ರಾತ್ರಿ ಆಫ್ ಮಾಡಿ ಬೆಳಗ್ಗೆ ನೋಡಿದಾಗ ಗಂಟೆಗಟ್ಟಲೆ ಹಿಂದೆ ಬಿದ್ದಿದ್ದರೂ ಅದೇ, ಸೆಲ್ ಮುಗಿಯುತ್ತ ಬಂದಿದೆ. ಕೆಲವು ಉಪಕರಣಗಳಲ್ಲಿ 1970ರ ಜನವರಿ 1, ಬೆಳಗಿನ 5:30 ಎಂದು ಕಾಣುತ್ತದೆ. ಗಾಬರಿ ಬೇಡ. ಯುನಿಕ್ಸ್ ಬಗೆಯ ವ್ಯವಸ್ಥೆಗಳು ಸೆಕೆಂಡು ಎಣಿಸಲು ಶುರು ಮಾಡುವುದೇ ಆ ದಿನದ ಯುಟಿಸಿ ಸೊನ್ನೆ ಗಂಟೆಯಿಂದ, ನಮ್ಮ ವಲಯದಲ್ಲಿ ಅದು ಐದೂವರೆ.

ಸರಿಯಾಗಿ ಐದೂವರೆ ಗಂಟೆ ತಪ್ಪಿದ್ದರೆ ಒಂದೋ ವಲಯ ಯುಟಿಸಿಯಲ್ಲೇ ಉಳಿದಿದೆ, ಇಲ್ಲವೇ ಒಂದೇ ಯಂತ್ರದಲ್ಲಿ ವಿಂಡೋಸ್ ಮತ್ತು ಲಿನಕ್ಸ್ ಎರಡೂ ಇವೆ. ಇದರ ಮದ್ದು ಮುಂದೆ ಹೇಳಿದ್ದೇನೆ.

ಒಂದೂವರೆ ಗಂಟೆ ಹಿಂದೆ ಇದ್ದರೆ ಆ ಲ್ಯಾಪ್‌ಟಾಪ್ ದುಬೈ ಅಥವಾ ಒಮಾನ್‌ನಿಂದ ಬಂದಿರಬೇಕು. ಎರಡೂವರೆ ಗಂಟೆ ಹಿಂದೆ ಇದ್ದರೆ ಸೌದಿ, ಕುವೈತ್, ಕತಾರ್. ದುಡಿಯಲು ಹೋದ ತಮ್ಮನೋ ಅಳಿಯನೋ ತಂದುಕೊಟ್ಟ ಯಂತ್ರದಲ್ಲಿ ಅಲ್ಲಿಯ ವಲಯ ಹಾಗೆಯೇ ಉಳಿದಿರುತ್ತದೆ.

ಹನ್ನೆರಡೂವರೆ ಅಥವಾ ಹದಿಮೂರೂವರೆ ಗಂಟೆ ಹಿಂದೆ ಇದ್ದರೆ ಅದು ಅಮೆರಿಕದ ಪಶ್ಚಿಮ ತೀರದ ಸಮಯ. ಹೊಸದಾಗಿ ವಿಂಡೋಸ್ ಹಾಕುವಾಗ ವಲಯ ಬದಲಿಸದೆ 'ನೆಕ್ಸ್ಟ್, ನೆಕ್ಸ್ಟ್' ಒತ್ತಿದ್ದರ ಫಲ. ಇದರಲ್ಲಿ ಒಂದು ಮೋಜಿನ ಕಾಟವಿದೆ. ವಲಯ ಅಮೆರಿಕದ್ದೇ ಇಟ್ಟು ಗಂಟೆ ಮಾತ್ರ ಕೈಯಾರೆ ನಮ್ಮದಕ್ಕೆ ತಿದ್ದಿದರೆ ಕೆಲವು ತಿಂಗಳು ಎಲ್ಲ ಸರಿ ಇದ್ದಂತೆ ಕಾಣುತ್ತದೆ. ಮಾರ್ಚ್ ತಿಂಗಳ ಎರಡನೇ ಭಾನುವಾರ ಗಡಿಯಾರ ತಾನಾಗಿಯೇ ಒಂದು ಗಂಟೆ ಮುಂದೆ ಜಿಗಿಯುತ್ತದೆ, ನವೆಂಬರ್ ಮೊದಲ ಭಾನುವಾರ ಹಿಂದೆ ಬರುತ್ತದೆ. ಅಲ್ಲಿಯವರು ಬೇಸಿಗೆಗೆಂದು ಗಡಿಯಾರ ತಿದ್ದಿಕೊಳ್ಳುವ ದಿನಗಳವು. ಚಿತ್ತಾಪುರದ ಅಂಗಡಿಯ ಗಡಿಯಾರ ಕ್ಯಾಲಿಫೋರ್ನಿಯಾದ ಬೇಸಿಗೆಗೆ ಕುಣಿಯಬೇಕಾಗಿಲ್ಲ.

ಸರಿಯಾಗಿ ಹನ್ನೆರಡು ಗಂಟೆ ತಪ್ಪಿದ್ದರೆ ಎಎಂ, ಪಿಎಂ ಅದಲುಬದಲಾಗಿದೆ. ತಿಂಗಳು, ದಿನ ತಿರುಗಾಮುರುಗಾ ಆಗಿದ್ದರೆ, ಜೂನ್ 5 ಹೋಗಿ ಮೇ 6 ಆಗಿದ್ದರೆ, ಬಯೋಸ್‌ನಲ್ಲಿ, ಅಂದರೆ ವಿಂಡೋಸ್ ತೆರೆಯುವ ಮೊದಲಿನ ಸೆಟ್ಟಿಂಗ್ ಪುಟಗಳಲ್ಲಿ, ತುಂಬಿದಾಗ ಆದ ತಪ್ಪು. ಅಲ್ಲಿ ಸಾಮಾನ್ಯವಾಗಿ ತಿಂಗಳು ಮೊದಲು, ದಿನ ಆಮೇಲೆ.

ಇನ್ನು ಬರೀ ಸೆಕೆಂಡು, ನಿಮಿಷಗಳ ತಪ್ಪು. ಇಲ್ಲಿ ನಮ್ಮ ಬಿಸಿಲಿಗೂ ಪಾಲಿದೆ. ಗಡಿಯಾರದ ಹರಳು ಸರಿಯಾಗಿ ಓಡುವುದು 25 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ. ಅದಕ್ಕಿಂತ ಬಿಸಿಯಾದರೂ ತಂಪಾದರೂ ನಿಧಾನವಾಗುತ್ತದೆ. ಮೇ ತಿಂಗಳಲ್ಲಿ ತಗಡಿನ ಮಾಡಿನ ಕೆಳಗಿನ ಕ್ಯಾಬಿನೆಟ್ ಒಳಗೆ 45 ಡಿಗ್ರಿ ಇದ್ದರೆ ಬಿಸಿಯಿಂದಲೇ ದಿನಕ್ಕೆ ಒಂದು ಸೆಕೆಂಡಿಗಿಂತ ತುಸು ಹೆಚ್ಚು ಹಿಂದೆ ಬೀಳುತ್ತದೆ. ತಯಾರಿಕೆಯಲ್ಲೇ ಹರಳಿಗೆ ಹತ್ತು ಲಕ್ಷಕ್ಕೆ 20ರಷ್ಟು ಹೆಚ್ಚುಕಡಿಮೆ ಇರಬಹುದು, ಅದು ದಿನಕ್ಕೆ 1.7 ಸೆಕೆಂಡು. ಎರಡೂ ಒಂದೇ ಕಡೆ ಸೇರಿದರೆ ತಿಂಗಳಿಗೆ ಒಂದೂವರೆ ನಿಮಿಷ. ಇದು ಕೆಟ್ಟಿರುವ ಲಕ್ಷಣವಲ್ಲ. ಇಂಟರ್ನೆಟ್ ಇಲ್ಲದ ಕಂಪ್ಯೂಟರಿನಲ್ಲಿ ಮಾತ್ರ ಇದು ಗುಡ್ಡೆ ಬೀಳುತ್ತದೆ. ಆದರೆ ಬೆಳಗ್ಗೆ ಹತ್ತಕ್ಕೆ ಎಸಿ ತತ್ಕಾಲ್, ಹನ್ನೊಂದಕ್ಕೆ ಸ್ಲೀಪರ್ ತತ್ಕಾಲ್ ಎಂದು ಕಾಯುವವರಿಗೆ ಒಂದೂವರೆ ನಿಮಿಷ ಬಹಳವಾಯಿತು. ಅಂಥವರು ಕಂಪ್ಯೂಟರಿನ ಮೂಲೆ ಬಿಟ್ಟು ರೈಲ್ವೆ ಬುಕಿಂಗ್ ಪುಟದ ಮೇಲೆಯೇ ಓಡುವ ಸಮಯವನ್ನು ನೋಡುವುದು ಲೇಸು.

ವಿಂಡೋಸ್‌ನಲ್ಲಿ ಸರಿಪಡಿಸುವ ಕ್ರಮ

ಕ್ರಮ ಮುಖ್ಯ. ಇಂಟರ್ನೆಟ್‌ನಿಂದ ಸಮಯ ತರಿಸಿಕೊಳ್ಳುವ ವಿಂಡೋಸ್‌ನ ಏರ್ಪಾಡಿಗೆ ಒಂದು ಮಿತಿ ಇದೆ. ಮನೆ, ಅಂಗಡಿಯ ಬಿಡಿ ಕಂಪ್ಯೂಟರಿನಲ್ಲಿ ವ್ಯತ್ಯಾಸ 15 ಗಂಟೆಗಿಂತ ಹೆಚ್ಚಿದ್ದರೆ ಅದು ಬಂದ ಸಮಯವನ್ನು ನಂಬದೆ ಸುಮ್ಮನಾಗಬಹುದು. ಹಾಗಾಗಿ ಮೊದಲು ಕೈಯಾರೆ ಹತ್ತಿರಕ್ಕೆ ತರಬೇಕು.

1. ಮೂಲೆಯ ಗಡಿಯಾರದ ಮೇಲೆ ಮೌಸಿನ ಬಲಗುಂಡಿ ಒತ್ತಿ 'ಅಡ್ಜಸ್ಟ್ ಡೇಟ್ ಆ್ಯಂಡ್ ಟೈಮ್' ಆರಿಸಿ. ಹಳೆಯ ವಿಂಡೋಸ್ 7ರಲ್ಲೂ ದಾರಿ ಇದೇ.

2. 'ಸೆಟ್ ಟೈಮ್ ಆಟೊಮ್ಯಾಟಿಕಲಿ' ಎಂಬುದನ್ನು ಆಫ್ ಮಾಡಿ.

3. ಮೊದಲು ವಲಯ. 'ಚೆನ್ನೈ, ಕೋಲ್ಕತಾ, ಮುಂಬೈ, ನ್ಯೂ ಡೆಲ್ಲಿ' ಎಂಬ ಸಾಲನ್ನು ಆರಿಸಿ. ಆ ಪಟ್ಟಿಯಲ್ಲಿ ಬೆಂಗಳೂರನ್ನೋ ಹೈದರಾಬಾದನ್ನೋ ಹುಡುಕಿ ಹೊತ್ತು ಕಳೆಯಬೇಡಿ, ಅವು ಇಲ್ಲ. ಅಲ್ಲೇ ಪಕ್ಕದಲ್ಲಿ ಐದೂವರೆಯದೇ ಇನ್ನೊಂದು ಸಾಲು ಶ್ರೀಲಂಕಾದ್ದು. ಗಂಟೆ ಒಂದೇ ತೋರಿಸಿದರೂ ನಮ್ಮದನ್ನೇ ಇಡಿ.

4. 'ಚೇಂಜ್' ಒತ್ತಿ ವರ್ಷ, ತಿಂಗಳು, ದಿನ, ಗಂಟೆ ತುಂಬಿ. ವರ್ಷ ನೋಡುವುದನ್ನು ಮರೆಯಬೇಡಿ.

5. 'ಸೆಟ್ ಟೈಮ್ ಆಟೊಮ್ಯಾಟಿಕಲಿ' ಮತ್ತೆ ಆನ್ ಮಾಡಿ 'ಸಿಂಕ್ ನೌ' ಒತ್ತಿ. ವಿಂಡೋಸ್ 7ರಲ್ಲಿ 'ಇಂಟರ್ನೆಟ್ ಟೈಮ್' ಪುಟಕ್ಕೆ ಹೋಗಿ 'ಅಪ್‌ಡೇಟ್ ನೌ'.

6. ಕೆಲಸ ಮುಗಿದ ಮೇಲೆ ಕಂಪ್ಯೂಟರ್ ಆಫ್ ಮಾಡಿ, ಗೋಡೆಯ ಸ್ವಿಚ್ಚೂ ತೆಗೆದು ರಾತ್ರಿಯಿಡೀ ಬಿಡಿ. ಬೆಳಗ್ಗೆ ಇಂಟರ್ನೆಟ್ ಜೋಡಿಸದೆ ಚಾಲೂ ಮಾಡಿ ಗಡಿಯಾರ ನೋಡಿ. ಸರಿ ಇದ್ದರೆ ಸೆಲ್ ಗಟ್ಟಿ ಇದೆ.

ಸಿಂಕ್ ಆಗದಿದ್ದರೆ 'ಸರ್ವಿಸಸ್' ತೆರೆದು 'ವಿಂಡೋಸ್ ಟೈಮ್' ಎಂಬುದು ನಿಂತಿದೆಯೇ ನೋಡಿ, ನಿಂತಿದ್ದರೆ 'ಸ್ಟಾರ್ಟ್' ಕೊಡಿ. ಆಗಲೂ ಬಗ್ಗದಿದ್ದರೆ ಮೊಬೈಲ್ ಹಾಟ್‌ಸ್ಪಾಟಿಗೆ ಜೋಡಿಸಿ ನೋಡಿ. ಸಮಯ ಬರುವುದು ಯುಡಿಪಿ 123 ಎಂಬ ದಾರಿಯಲ್ಲಿ, ಕಾರ್ಖಾನೆ ಮತ್ತು ಕಾಲೇಜುಗಳ ಫೈರ್‌ವಾಲ್ ಅದನ್ನು ತಡೆದಿರುವುದುಂಟು. ಸಮಯ ಕೊಡುವ ಸರ್ವರನ್ನು ಬದಲಿಸಲೂಬಹುದು. ದೇಶದ ಅಧಿಕೃತ ಸಮಯ ಕಾಯುವುದು ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ. ಅದರ ವಿಳಾಸ ಟೈಮ್ ಡಾಟ್ ಎನ್‌ಪಿಎಲ್‌ಇಂಡಿಯಾ ಡಾಟ್ ಆರ್ಗ್. ಎನ್‌ಐಸಿಯದು ಸಮಯ್1 ಡಾಟ್ ಎನ್‌ಐಸಿ ಡಾಟ್ ಇನ್. ಸೈಬರ್ ಸುರಕ್ಷತೆ ನೋಡಿಕೊಳ್ಳುವ ಸರ್ಟ್-ಇನ್ ಸಂಸ್ಥೆಯ 2022ರ ಏಪ್ರಿಲ್ 28ರ ನಿರ್ದೇಶನದ ಪ್ರಕಾರ ಸರ್ಕಾರಿ ಕಚೇರಿ, ಕಂಪನಿಗಳ ಗಡಿಯಾರಗಳು ಈ ಎರಡು ಸಂಸ್ಥೆಗಳ ಸಮಯಕ್ಕೇ ಹೊಂದಿರಬೇಕು. ಮನೆಯವರಿಗೆ ಆ ಕಟ್ಟುಪಾಡಿಲ್ಲ, ಮೈಕ್ರೋಸಾಫ್ಟ್‌ನದೇ ಸಾಕು.

'ಸೆಟ್ ಟೈಮ್‌ಝೋನ್ ಆಟೊಮ್ಯಾಟಿಕಲಿ' ಎಂಬ ಇನ್ನೊಂದು ಗುಂಡಿ ಇದೆ. ಊರಿಂದೂರಿಗೆ ಲ್ಯಾಪ್‌ಟಾಪ್ ಹೊತ್ತು ತಿರುಗುವವರಿಗೆ ಅದು ಬೇಕು. ಶಹಾಬಾದಿನ ಕಲ್ಲಿನ ಗಣಿ ಆಫೀಸಿನ ಟೇಬಲ್ ಬಿಟ್ಟು ಅಲುಗದ ಕಂಪ್ಯೂಟರಿಗೆ ಅದು ಬೇಡ, ಆಫ್ ಇರಲಿ.

ಸೆಲ್ ಬದಲಿಸುವುದು

ಈ ಸೆಲ್ ಸಾಮಾನ್ಯವಾಗಿ ಮೂರರಿಂದ ಐದು ವರ್ಷ ಬರುತ್ತದೆ. ನಮ್ಮ ಕಡೆ ಅದಕ್ಕಿಂತ ಬೇಗ ಮುಗಿದರೆ ಕಾರಣ ಅಭ್ಯಾಸದಲ್ಲಿರಬಹುದು. ಡೆಸ್ಕ್‌ಟಾಪ್ ಆಫ್ ಇದ್ದರೂ ಪ್ಲಗ್ ಸಿಕ್ಕಿಸಿ ಗೋಡೆಯ ಸ್ವಿಚ್ ಆನ್ ಇರುವ ತನಕ ಹಾರ್ಡ್‌ವೇರ್ ಗಡಿಯಾರ ಕರೆಂಟಿನ ಮೇಲೇ ಓಡುತ್ತದೆ, ಸೆಲ್ ಖರ್ಚಾಗುವುದಿಲ್ಲ ಎಂದೇ ಹೇಳಬಹುದು. ನಾವು ರಾತ್ರಿ ಮೇನ್ ಸ್ವಿಚ್ಚೇ ತೆಗೆಯುತ್ತೇವೆ. ಮುಂಗಾರಿನ ಗುಡುಗು ಸಿಡಿಲಿಗೆ ಹೆದರಿ ಪ್ಲಗ್ ಕಿತ್ತಿಡುತ್ತೇವೆ. ಶಾಲೆಯ ಕಂಪ್ಯೂಟರುಗಳಂತೂ ಬೇಸಿಗೆ ರಜೆ ಪೂರ್ತಿ ಕರೆಂಟಿಲ್ಲದೆ ಕೂತಿರುತ್ತವೆ. ಆ ಹೊತ್ತೆಲ್ಲ ಸೆಲ್ಲಿನ ಲೆಕ್ಕಕ್ಕೆ ಬೀಳುತ್ತದೆ. ಸಿಡಿಲಿನ ಭಯ ನಿಜವಾದದ್ದೇ. ಪ್ಲಗ್ ಕೀಳಬೇಡಿ ಎಂದು ನಾನು ಹೇಳಲಾರೆ, ಕಂಪ್ಯೂಟರಿಗಿಂತ ಸೆಲ್ ಅಗ್ಗ.

ಬೇಕಾದದ್ದು ಸಿಆರ್2032, 3 ವೋಲ್ಟಿನದು. ಸಂಖ್ಯೆಯಲ್ಲೇ ಅಳತೆ ಇದೆ: 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ. ಅಂಗಡಿಯವನು ಸಿಆರ್2025 ಕೊಟ್ಟು "ಎರಡೂ ಒಂದೇ" ಎಂದರೆ ತೆಗೆದುಕೊಳ್ಳಬೇಡಿ. ಅದು 2.5 ಮಿಲಿಮೀಟರ್ ದಪ್ಪ, ಸಾಕೆಟ್ಟಿನಲ್ಲಿ ಸಡಿಲವಾಗಿ ಕೂತು ಕೈಕೊಡುತ್ತದೆ.

1. ಸಾಧ್ಯವಾದರೆ ಮೊದಲು ಬಯೋಸ್ ಪುಟಗಳನ್ನು ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ. ಸೆಲ್ ತೆಗೆದರೆ ಅಲ್ಲಿನ ಸೆಟ್ಟಿಂಗ್ ಮೂಲ ಸ್ಥಿತಿಗೆ ಮರಳಬಹುದು. ಹಾರ್ಡ್‌ಡಿಸ್ಕಿನ ಸೆಟ್ಟಿಂಗ್ ಬದಲಾದರೆ ವಿಂಡೋಸ್ ಏಳುವುದೇ ಇಲ್ಲ.

2. ಬಿಟ್‌ಲಾಕರ್ ಅಥವಾ 'ಡಿವೈಸ್ ಎನ್‌ಕ್ರಿಪ್ಷನ್' ಆನ್ ಇದೆಯೇ ನೋಡಿ. ಇದ್ದರೆ ಅದರ ರಿಕವರಿ ಕೀ ಕೈಯಲ್ಲಿಲ್ಲದೆ ಮುಂದುವರಿಯಬೇಡಿ. ಬಯೋಸ್ ಬದಲಾದದ್ದು ಕಂಡರೆ ಯಂತ್ರ 48 ಅಂಕಿಯ ಆ ಕೀ ಕೇಳಬಹುದು. ಅದಿಲ್ಲದೆ ಒಳಗಿನ ಫೈಲುಗಳು ಸಿಗುವುದಿಲ್ಲ.

3. ಆಫ್ ಮಾಡಿ, ಪ್ಲಗ್ ತೆಗೆದು, ಪವರ್ ಗುಂಡಿಯನ್ನು ಕೆಲ ಸೆಕೆಂಡು ಒತ್ತಿ ಹಿಡಿಯಿರಿ. ಉಳಿದ ಕರೆಂಟು ಇಳಿಯುತ್ತದೆ.

4. ಕ್ಯಾಬಿನೆಟ್ ತೆರೆದು ಬಣ್ಣವಿಲ್ಲದ ಲೋಹದ ಭಾಗವನ್ನು ಮುಟ್ಟಿ, ಮೈಯಲ್ಲಿರುವ ಸ್ಥಿರ ವಿದ್ಯುತ್ ಹೋಗಲಿ. ಸಿಮೆಂಟ್ ಕಾರ್ಖಾನೆ, ಪಾಲಿಶ್ ಮಷೀನುಗಳ ಬಗಲಲ್ಲಿರುವ ಕಂಪ್ಯೂಟರಿನಲ್ಲಿ ಬಿಳಿ ಧೂಳು ಪದರ ಕಟ್ಟಿರುತ್ತದೆ. ಒಣ ಬ್ರಶ್ಶಿನಿಂದ ಜಾಡಿಸಿ, ಒದ್ದೆ ಬಟ್ಟೆ ಹಚ್ಚಬೇಡಿ.

5. ಸೆಲ್ಲಿನ ಪಕ್ಕದ ಸಣ್ಣ ಕೊಂಡಿಯನ್ನು ಹಿಂದಕ್ಕೆ ಒತ್ತಿದರೆ ಅದು ಮೇಲಕ್ಕೆ ಜಿಗಿಯುತ್ತದೆ. ಮೇಲ್ಮುಖವಾಗಿದ್ದ ಪಕ್ಕ ಯಾವುದು ನೋಡಿಕೊಳ್ಳಿ, ಸಾಧಾರಣವಾಗಿ ಅಕ್ಷರ ಮತ್ತು ಪ್ಲಸ್ ಗುರುತು ಇರುವ ಪಕ್ಕ. ಹೊಸದನ್ನು ಹಾಗೆಯೇ ಕೂಡಿಸಿ.

6. ಚಾಲೂ ಮಾಡಿ ಬಯೋಸ್‌ಗೆ ಹೋಗಿ ತಾರೀಖು, ಗಂಟೆ ತುಂಬಿ, ಫೋಟೊ ನೋಡಿ ಉಳಿದದ್ದನ್ನು ಸರಿಪಡಿಸಿ, 'ಸೇವ್ ಆ್ಯಂಡ್ ಎಕ್ಸಿಟ್' ಒತ್ತಿ.

ಮಲ್ಟಿಮೀಟರ್ ಇದ್ದರೆ ಹಳೆಯ ಸೆಲ್ ಅಳೆದು ನೋಡಿ. ಹೊಸದು 3 ವೋಲ್ಟಿಗಿಂತ ತುಸು ಮೇಲೆ ಇರುತ್ತದೆ, 2.7ಕ್ಕಿಂತ ಇಳಿದಿದ್ದರೆ ಅದರ ಕಾಲ ಮುಗಿಯಿತು. ಕೆಲವು ಲ್ಯಾಪ್‌ಟಾಪುಗಳಲ್ಲಿ ಈ ಸೆಲ್ಲಿಗೆ ವೈರ್ ಜೋಡಿಸಿ ಪ್ಲಾಸ್ಟಿಕ್ ಸುತ್ತಿರುತ್ತಾರೆ, ಅದು ಮನೆಯ ಕೆಲಸವಲ್ಲ, ರಿಪೇರಿಯವರಿಗೆ ಕೊಡಿ.

ತೆಗೆದ ಸೆಲ್ಲನ್ನು ಟೇಬಲ್ ಮೇಲೆ ಬಿಡಲೇಬೇಡಿ. ಮಕ್ಕಳು ನುಂಗಿದರೆ ಎರಡು ತಾಸಿನೊಳಗೆ ಅನ್ನನಾಳ ಸುಡಬಹುದು, ಸತ್ತ ಸೆಲ್ಲಿನಲ್ಲೂ ಅಷ್ಟು ಶಕ್ತಿ ಉಳಿದಿರುತ್ತದೆ. ನುಂಗಿದ ಅನುಮಾನ ಬಂದರೂ ಸಾಕು, ಕಾಯದೆ ದೊಡ್ಡ ಆಸ್ಪತ್ರೆಗೆ ಹೋಗಿ. ಹಳೆಯ ಸೆಲ್ಲಿಗೆ ಟೇಪ್ ಸುತ್ತಿ ಇ-ತ್ಯಾಜ್ಯಕ್ಕೆ ಹಾಕಿ.

ವಿಂಡೋಸ್, ಲಿನಕ್ಸ್ ಒಂದೇ ಮನೆಯಲ್ಲಿದ್ದರೆ

ಇಂಜಿನಿಯರಿಂಗ್ ಓದುವ ಹುಡುಗರ ಲ್ಯಾಪ್‌ಟಾಪಿನಲ್ಲಿ ಎರಡೂ ಇರುವುದುಂಟು. ವಿಂಡೋಸ್ ಹಾರ್ಡ್‌ವೇರ್ ಗಡಿಯಾರದಲ್ಲಿ ಊರಿನ ಸಮಯವನ್ನೇ ಬರೆದಿಡುತ್ತದೆ, ಡಾಸ್ ಕಾಲದಿಂದ ಬಂದ ರೂಢಿ. ಲಿನಕ್ಸ್ ಅಲ್ಲಿ ಯುಟಿಸಿ ಇದೆ ಎಂದು ತಿಳಿಯುತ್ತದೆ. ವಿಂಡೋಸ್ ಹತ್ತು ಗಂಟೆ ಎಂದು ಬರೆದಿಟ್ಟರೆ ಲಿನಕ್ಸ್ ಅದಕ್ಕೆ ಐದೂವರೆ ಕೂಡಿಸಿ ಮೂರೂವರೆ ಎನ್ನುತ್ತದೆ. ಲಿನಕ್ಸ್ ತಿದ್ದಿ ಬರೆದರೆ ವಿಂಡೋಸ್ ಬೆಳಗಿನ ನಾಲ್ಕೂವರೆ ಎನ್ನುತ್ತದೆ.

ಇಬ್ಬರಲ್ಲಿ ಒಬ್ಬರು ಸೋಲಬೇಕು. ಸುಲಭದ ದಾರಿ ಲಿನಕ್ಸನ್ನು ಬಗ್ಗಿಸುವುದು: ಟರ್ಮಿನಲ್‌ನಲ್ಲಿ 'ಟೈಮ್‌ಡೇಟ್‌ಸಿಟಿಎಲ್ ಸೆಟ್-ಲೋಕಲ್-ಆರ್‌ಟಿಸಿ 1' ಎಂದು ಇಂಗ್ಲಿಷ್ ಸಣ್ಣಕ್ಷರದಲ್ಲಿ ಟೈಪ್ ಮಾಡಿ. ಹೀಗೆ ಮಾಡಬಾರದು ಎಂದು ಲಿನಕ್ಸ್ ಎಚ್ಚರಿಕೆ ಕೊಡುತ್ತದೆ. ಅದರ ಭಯ ಮುಖ್ಯವಾಗಿ ವರ್ಷಕ್ಕೆರಡು ಸಲ ಗಡಿಯಾರ ತಿದ್ದುವ ದೇಶಗಳದ್ದು. ನಮ್ಮಲ್ಲಿ ಆ ಪದ್ಧತಿ ಇಲ್ಲದ ಕಾರಣ ಇಲ್ಲಿ ಕೂತು ಕೆಲಸ ಮಾಡುವವರಿಗೆ ಇದರಿಂದ ತೊಂದರೆ ಕಾಣದು. ಹೊರದೇಶಕ್ಕೆ ಹೋಗುವವರು ಮಾತ್ರ ವಿಂಡೋಸನ್ನೇ ಯುಟಿಸಿಗೆ ಒಗ್ಗಿಸಲಿ. ಅದಕ್ಕೆ ರಿಜಿಸ್ಟ್ರಿಯಲ್ಲಿ 'ರಿಯಲ್‌ಟೈಮ್‌ಈಸ್‌ಯೂನಿವರ್ಸಲ್' ಎಂಬ ಬೆಲೆಯನ್ನು 1 ಮಾಡಬೇಕು, ರಿಜಿಸ್ಟ್ರಿ ತಿಳಿದವರಿಂದ ಮಾಡಿಸಿ. ಎರಡನ್ನೂ ಮಾಡಿದರೆ ಅದೇ ಐದೂವರೆ ಗಂಟೆ ಉಲ್ಟಾ ದಿಕ್ಕಿನಲ್ಲಿ ಬರುತ್ತದೆ.

ಲಿನಕ್ಸ್ ಒಂದೇ ಇದ್ದರೆ ಇದ್ಯಾವುದೂ ಬೇಡ. ವಲಯ 'ಏಷ್ಯಾ/ಕೋಲ್ಕತಾ' ಇದೆಯೇ ನೋಡಿದರೆ ಸಾಕು.

ಸಾಮಾನ್ಯವಾಗಿ ಆಗುವ ತಪ್ಪುಗಳು

ವಲಯ ತಪ್ಪಿದ್ದಾಗ ಗಂಟೆ ತಿದ್ದುವುದು ಎಲ್ಲಕ್ಕಿಂತ ದೊಡ್ಡದು. ಮೂಲೆಯಲ್ಲಿ ಸಮಯ ಸರಿ ಕಾಣುತ್ತದೆ, ಒಳಗೆ ಯುಟಿಸಿ ಲೆಕ್ಕ ತಪ್ಪಾಗಿರುತ್ತದೆ. ನೀವು ಕಳಿಸಿದ ಮೇಲ್ ಎದುರಿನವರಿಗೆ ನಾಳೆಯ ಹೊತ್ತಿನಲ್ಲಿ ಕಾಣಬಹುದು. ಸಿಂಕ್ ಆದ ಕೂಡಲೇ ಗಂಟೆ ಮತ್ತೆ ಕೆಡುತ್ತದೆ, ಆಗ ಸಿಟ್ಟಿಗೆ ಸಿಂಕನ್ನೇ ಆಫ್ ಮಾಡುತ್ತಾರೆ.

ಹಿಂದಿನ ತಾರೀಖಿನ ಬಿಲ್ ಹಾಕಲೆಂದು ಕಂಪ್ಯೂಟರಿನ ತಾರೀಖನ್ನೇ ಹಿಂದಕ್ಕೆ ಸರಿಸುವವರಿದ್ದಾರೆ. ಟ್ಯಾಲಿಯಲ್ಲಿ ವೋಚರಿನ ತಾರೀಖಿಗೆ ಎಫ್2 ಇದೆ, ಕಂಪ್ಯೂಟರಿನ ಗಡಿಯಾರ ಮುಟ್ಟುವ ಅಗತ್ಯವೇ ಇಲ್ಲ. ಮುಟ್ಟಿದರೆ ಡಿಜಿಟಲ್ ಸಹಿಯಲ್ಲಿ ತಪ್ಪು ಹೊತ್ತು ಬೀಳುತ್ತದೆ, ಬ್ಯಾಕಪ್ ಫೈಲುಗಳಲ್ಲಿ ಯಾವುದು ಹೊಸದು ಎಂದೇ ತಿಳಿಯದಂತಾಗುತ್ತದೆ.

ತಾರೀಖು ತಪ್ಪಿದಾಗ ಬ್ರೌಸರ್ ಕೊಡುವ ಎಚ್ಚರಿಕೆಯನ್ನು ದಾಟಿ 'ಪ್ರೊಸೀಡ್' ಒತ್ತುವ ಚಾಳಿಯೂ ಬೇಡ. ಬ್ಯಾಂಕಿನ ಪುಟದಲ್ಲಂತೂ ಬೇಡವೇ ಬೇಡ. ಗಡಿಯಾರ ಸರಿಮಾಡಿದ ಮೇಲೂ ಎಚ್ಚರಿಕೆ ಬರುತ್ತಿದ್ದರೆ ಅದು ನಿಜವಾದ ಎಚ್ಚರಿಕೆ. ಮೊಬೈಲಿನ ಅಥೆಂಟಿಕೇಟರ್ ಕೋಡ್ 'ಇನ್‌ವ್ಯಾಲಿಡ್' ಎಂದರೆ ನೋಡಬೇಕಾದ್ದು ಮೊಬೈಲಿನ ಗಡಿಯಾರ. ಆ ಕೋಡ್ ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ ಬದಲಾಗುತ್ತದೆ, ಅದೂ ಹೊತ್ತಿನ ಲೆಕ್ಕದಿಂದಲೇ.

ಸಿಸಿಟಿವಿ ಡಬ್ಬಿ

ಅಂಗಡಿಯ ಡಿವಿಆರ್ ಕೂಡ ಒಂದು ಕಂಪ್ಯೂಟರೇ, ಅದರೊಳಗೂ ಗಡಿಯಾರ, ಸೆಲ್ ಇವೆ. ಚೀನಾದಲ್ಲಿ ತಯಾರಾದ ಹಲವು ಡಬ್ಬಿಗಳು ಅಲ್ಲಿಯ ವಲಯ, ಅಂದರೆ ಯುಟಿಸಿಗಿಂತ 8 ಗಂಟೆ ಮುಂದಿನದು, ಇಟ್ಟುಕೊಂಡೇ ಬರುತ್ತವೆ. ಹಾಕಿಕೊಟ್ಟವನು ಗಂಟೆ ಮಾತ್ರ ತಿದ್ದಿ ಹೋಗಿರುತ್ತಾನೆ. ಇಂಟರ್ನೆಟ್ ಜೋಡಿಸಿದ ದಿನ ರೆಕಾರ್ಡಿಂಗ್ ಎರಡೂವರೆ ಗಂಟೆ ಮುಂದೆ ಹೋಗುತ್ತದೆ. ಮೆನುವಿನ 'ಜನರಲ್' ಅಥವಾ 'ಸಿಸ್ಟಂ' ಪುಟದಲ್ಲಿ ವಲಯವನ್ನು ಜಿಎಂಟಿ+05:30 ಮಾಡಿ, ಆಮೇಲೆ ಇಂಟರ್ನೆಟ್‌ನಿಂದ ಸಮಯ ತರಿಸುವ 'ಎನ್‌ಟಿಪಿ' ಆನ್ ಮಾಡಿ.

ಆದರೆ ಕಳವು, ಅಪಘಾತ ನಡೆದು ಪೊಲೀಸರು ದೃಶ್ಯ ಕೇಳಿದ ಹೊತ್ತಿನಲ್ಲಿ ಗಡಿಯಾರ ತಪ್ಪಿರುವುದು ಕಂಡುಬಂದರೆ ಅವಸರದಲ್ಲಿ ತಿದ್ದಬೇಡಿ. ಡಿವಿಆರ್ ಪರದೆ ಮತ್ತು ಮೊಬೈಲ್ ಗಡಿಯಾರ ಎರಡೂ ಒಟ್ಟಿಗೆ ಕಾಣುವಂತೆ ಇನ್ನೊಂದು ಫೋನಿನಲ್ಲಿ ಫೋಟೊ ತೆಗೆಯಿರಿ, ಎಷ್ಟು ಹಿಂದೆ ಅಥವಾ ಮುಂದೆ ಇದೆ ಎಂದು ಬರೆದು ದೃಶ್ಯದ ಜತೆ ಕೊಡಿ, ನಕಲು ತೆಗೆದಾದ ಮೇಲೆ ಗಡಿಯಾರ ಸರಿಪಡಿಸಿ.